ಸೌಖ್ಯ ಮತ್ತು ಅನ್ಯೋನ್ಯತೆ

(ಶತಮಾನೋತ್ಸವದ ಅಂಗವಾಗಿ ಯಲಬುರ್ಗಾದಲ್ಲಿ ಮಹಿಳೆಯರಿಗಾಗಿ ಜರುಗಿದ ಎರಡು ದಿನಗಳ ಧ್ಯಾನಕೂಟದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಪ್ರವಚನ)



ಮನೆ, ಹೊಲ, ಮಕ್ಕಳೆಂಬ ನೂರು ಹೊಣೆಗಳನ್ನು ಬದಿಗಿಟ್ಟು, ರೊಟ್ಟಿಯ ಬುತ್ತಿ ಕಟ್ಟಿಕೊಂಡು ನೀವು ಇಲ್ಲಿ ಸೇರಿದ್ದೀರಿ. ಮಳೆಯನ್ನೇ ನೆಚ್ಚಿದ ಈ ಸೀಮೆಯಲ್ಲಿ ಹೆಣ್ಣುಮಕ್ಕಳಿಗೆ ವಿಶ್ರಾಂತಿಯೆಂಬುದು ಅಪರೂಪ. ಮಳೆ ಕೈಕೊಟ್ಟ ವರ್ಷ ಗಂಗಾವತಿಯ ಕಾಲುವೆ ಗದ್ದೆಗಳಿಗೆ ನಾಟಿಗೆ ಹೋಗುವವರೂ, ದೂರದ ಪಟ್ಟಣಗಳಿಗೆ ದುಡಿಯಲು ಹೋಗುವವರೂ ನಿಮ್ಮಲ್ಲಿದ್ದಾರೆ. ಮೈಯ ನೋವನ್ನು ನಾಳೆಗೆ ಮುಂದೂಡುವುದು, ಮನದ ನೋವನ್ನು ಯಾರಿಗೂ ಹೇಳದಿರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ.

ಸಂತ ಲೂಕರ ಶುಭಸಂದೇಶದ 8ನೆಯ ಅಧ್ಯಾಯದಲ್ಲಿ ಬರುವ, 12 ವರ್ಷ ರಕ್ತಸ್ರಾವದಿಂದ ನರಳಿದ ಸ್ತ್ರೀಯನ್ನು ಸ್ಮರಿಸೋಣ. ಯಾವ ವೈದ್ಯರಿಂದಲೂ ಆಕೆಗೆ ಗುಣವಾಗಿರಲಿಲ್ಲ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಆಕೆ ಅಶುದ್ಧಳು. ಆಕೆ ಮಲಗಿದ ಹಾಸಿಗೆಯೂ ಅಶುದ್ಧ. ಆಕೆ ಹಿಂದಿನಿಂದ ಬಂದು ಪ್ರಭುವಿನ ಉಡುಪಿನ ಅಂಚನ್ನು ಮುಟ್ಟಿದಳು. ಸ್ರಾವ ಒಡನೆಯೇ ನಿಂತಿತು. ಆದರೆ ಪ್ರಭು ಅಷ್ಟಕ್ಕೇ ಮುಂದೆ ಸಾಗಲಿಲ್ಲ. ಯಾಯೀರನ ಮಗಳು ಸಾಯುವ ಸ್ಥಿತಿಯಲ್ಲಿದ್ದರೂ ಅವರು ನಿಂತರು. ಜನಸಮೂಹದ ನಡುವೆ ಆಕೆಯ ಮಾತನ್ನು ಆಲಿಸಿದರು. ಆಕೆಯನ್ನು ಮಗಳೆಂದು ಕರೆದರು. ಮುಟ್ಟಿದಾಗ ದೇಹ ಗುಣವಾಯಿತು. ಆಕೆಯ ಕಥೆಯನ್ನು ಕೇಳಿ ಬಳಿಗೆ ಸೇರಿಸಿಕೊಂಡಾಗ ಬಾಳು ಗುಣವಾಯಿತು.

ಇದರಿಂದ ನಾವು ಕಲಿಯಬೇಕಾದುದೇನು? ಮೊದಲನೆಯದಾಗಿ, ಪ್ರಾರ್ಥನೆಯು ಔಷಧಕ್ಕೆ ವೈರಿಯಲ್ಲ. ಸಿರಾಖನ ಗ್ರಂಥದ 38ನೆಯ ಅಧ್ಯಾಯವು ವೈದ್ಯನನ್ನು ಗೌರವಿಸಲು ಬೋಧಿಸುತ್ತದೆ. ಅಭ್ಯಂಗ ಸಂಸ್ಕಾರವು ಸಾವಿನ ಅಂಚಿನಲ್ಲಿರುವವರಿಗೆ ಮಾತ್ರವಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ತಿಳಿಸಿತು. ಆದುದರಿಂದ ಕಾಯಿಲೆ ಗಂಭೀರವಾದಾಗ ಗುರುಗಳನ್ನೂ ಕರೆಯಿರಿ, ಆಸ್ಪತ್ರೆಗೂ ಹೋಗಿರಿ. ಸ್ತ್ರೀಸಹಜವಾದ ಕಾಯಿಲೆಯೆಂದು ನಾಚಿ ಅದನ್ನು ಮುಚ್ಚಿಡಬೇಡಿರಿ.

ಎರಡನೆಯದಾಗಿ, ಸಹನೆಯು ಸದ್ಗುಣ ನಿಜ. ಆದರೆ ಕುಡಿದು ಬಂದವನ ಹೊಡೆತಕ್ಕೆ ಶಿಲುಬೆಯೆಂಬ ಹೆಸರಿಡುವುದು ಧರ್ಮವಲ್ಲ. ಹಿಂಸೆ ಮಿತಿಮೀರಿದ ಕೆಲವು ಸಂದರ್ಭಗಳಲ್ಲಿ ಅಗಲಿ ಬಾಳುವುದು ನೈತಿಕವಾಗಿಯೂ ಅಗತ್ಯವಾಗಬಹುದೆಂದು ಜಗದ್ಗುರು ಫ್ರಾನ್ಸಿಸರು 2016ರಲ್ಲಿ ಕುಟುಂಬಪ್ರೀತಿಯನ್ನು ಕುರಿತ ತಮ್ಮ ಬೋಧನಾಪತ್ರದಲ್ಲಿ ಸ್ಪಷ್ಟಪಡಿಸಿದರು. ನಮ್ಮ ದೇಶದ 2005ರ ಕಾಯಿದೆಯು ಮನೆಯೊಳಗಿನ ಹಿಂಸೆಯಿಂದ ಹೆಣ್ಣಿಗೆ ರಕ್ಷಣೆ ನೀಡುತ್ತದೆ. 181 ಎಂಬ ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನು ಪ್ರತಿಯೊಬ್ಬರೂ ನೆನಪಿನಲ್ಲಿಡಿರಿ. ಕ್ಷಮೆಯೆಂದರೆ ಮತ್ತೆ ಪೆಟ್ಟಿಗೆ ಬೆನ್ನೊಡ್ಡುವುದಲ್ಲ.

ಮೂರನೆಯದಾಗಿ, ಈ ಕೂಟದಲ್ಲಿ ಒಬ್ಬ ಸಹೋದರಿ ಕಣ್ಣೀರಿಟ್ಟು ಹೇಳಿದ ಮಾತು ನಾಳೆ ಬಾವಿಕಟ್ಟೆಯ ಸುದ್ದಿಯಾಗಬಾರದು. ಪಾಪನಿವೇದನೆಯ ಗುಟ್ಟನ್ನು ಕಾಯುವುದು ಗುರುಗಳ ಕರ್ತವ್ಯ. ಗೆಳತಿಯ ಗುಟ್ಟನ್ನು ಕಾಯುವುದು ನಿಮ್ಮ ಕರ್ತವ್ಯ. ಆಕೆಯ ಮಾತು ಹೊರಬಿದ್ದರೆ ಆಕೆ ಇನ್ನೆಂದೂ ಬಾಯಿ ತೆರೆಯಲಾರಳು. ಆಕೆಯ ಗಾಯವೂ ಮಾಯಲಾರದು.

ಗರ್ಭಿಣಿಯಾದ ಮಾತೆ ಮರಿಯಮ್ಮನವರು ಬೆಟ್ಟದ ಹಾದಿ ಹಿಡಿದು ಎಲಿಜಬೇತಳ ಮನೆಗೆ ಹೋಗಿ ಸುಮಾರು ಮೂರು ತಿಂಗಳು ಜೊತೆಗಿದ್ದರು. ನೀವಾದರೋ ನೆರೆಮನೆಗೆ ಹೋದರೂ ಸಾಕು. ಇಂದಿನ ಬಲಿಪೂಜೆ ಮುಗಿಸಿ ಊರಿಗೆ ಮರಳುವಾಗ, ಇಲ್ಲಿಗೆ ಬರಲಾಗದೆ ಹಾಸಿಗೆ ಹಿಡಿದಿರುವ ಒಬ್ಬಾಕೆಯನ್ನು, ಅಥವಾ ನಾವೆಲ್ಲರೂ ಮಾತು ಬಿಟ್ಟಿರುವ ಒಬ್ಬಾಕೆಯನ್ನು ಕಂಡು ಬನ್ನಿರಿ. ಆಕೆಯ ಬಳಿ ಕುಳಿತು ಮೊದಲು ಆಲಿಸಿರಿ, ಆಮೇಲೆ ಜಪಸರ ಹೇಳಿರಿ. ನೂರು ವರ್ಷಗಳ ದೇವಾಲಯಕ್ಕೆ ಇದಕ್ಕಿಂತ ಒಳ್ಳೆಯ ಕಾಣಿಕೆಯಿಲ್ಲ.

ಪ್ರಭು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ. ಆಮೆನ್.