ಎದೆಗೂಡಿನ ನೋವು, ಶ್ರವಣಾತೀತ ಧ್ವನಿ

ಎದೆನೋವೆಂದೊಡನೆ ನಮಗೆ ನೆನಪಾಗುವುದು ಹೃದಯ. ಆದರೆ ಹೃದಯವನ್ನು ಕಾಯುವ ಎದೆಗೂಡಿಗೂ ತನ್ನವೇ ಆದ ಬೇನೆಗಳುಂಟು. ಪಕ್ಕೆಲುಬುಗಳು ಎದೆಯ ನಡುಮೂಳೆಯನ್ನು ಸೇರುವೆಡೆ ಇರುವುದು ಮೂಳೆಯಲ್ಲ, ಮೃದ್ವಸ್ಥಿ. ಅಲ್ಲಿ ಉರಿಯೂತವಾದರೆ ಕೆಮ್ಮುವುದು, ಮಗ್ಗುಲು ಬದಲಿಸುವುದು, ದೀರ್ಘವಾಗಿ ಉಸಿರೆಳೆಯುವುದು ಎಲ್ಲವೂ ಯಾತನೆ. ನೋವಿನೊಡನೆ ಬಾವೂ ಕಾಣುವ ಬಗೆಯನ್ನು ಜರ್ಮನಿಯ ಶಸ್ತ್ರವೈದ್ಯ ಅಲೆಕ್ಸಾಂಡರ್ ಟೀಟ್ಸೆ 1921ರಲ್ಲಿ ವಿವರಿಸಿದ. ಸಾಮಾನ್ಯವಾಗಿ ಅದು ಎರಡನೆಯ ಅಥವಾ ಮೂರನೆಯ ಪಕ್ಕೆಲುಬಿನ ಬಳಿ.

ತುಮಕೂರಿನ ನೆರೆಯ ಕೋರದ ಕಡೆಯಿಂದ, ತೆಂಗಿನಕಾಯಿ ಮೂಟೆ ಹೊರುವವರು ಇಂಥ ನೋವಿನಿಂದ ಬಂದಾಗ, ಮನೆಯವರು 'ವಾಯು' ಎಂದು ಬೆಳ್ಳುಳ್ಳಿ ತಿನ್ನಿಸಿರುತ್ತಾರೆ. ಇಲ್ಲವೆ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಹೊರಟು ನಿಂತಿರುತ್ತಾರೆ. ಎರಡನೆಯವರನ್ನು ನಾನು ಆಕ್ಷೇಪಿಸಲಾರೆ. ಒತ್ತಿದರೆ ನೋಯುತ್ತದೆಂಬ ಒಂದೇ ಕಾರಣಕ್ಕೆ ಹೃದಯಕ್ಕೆ ದೋಷವಿಲ್ಲವೆನ್ನಲಾಗದು, ಇ.ಸಿ.ಜಿ. ಮೊದಲು ಆಗಲೇಬೇಕು. ಆದರೆ ಆ ಶಂಕೆ ಕಳೆದ ಮೇಲೆ 'ನಿನಗೇನೂ ಇಲ್ಲ, ಹೋಗು' ಎಂದುಬಿಟ್ಟರೆ, ನೋಯುತ್ತಿರುವವನು ಸುಳ್ಳುಗಾರನಾಗುತ್ತಾನೆ.

ಎಕ್ಸ್-ರೇಗೆ ಮೃದ್ವಸ್ಥಿ ಸರಿಯಾಗಿ ಕಾಣದು. ಧ್ವನಿಗೆ ಕಾಣುತ್ತದೆ. ನಮ್ಮ ಕಿವಿಯ ಮಿತಿ ಸೆಕೆಂಡಿಗೆ 20,000 ಕಂಪನ. ಈ ಯಂತ್ರದ್ದು ಹತ್ತಾರು ಲಕ್ಷ. ಮರಳುವ ಪ್ರತಿಧ್ವನಿಗಳಿಂದ ಚಿತ್ರ ಮೂಡುತ್ತದೆ. ನೋಯುವ ಮಗ್ಗುಲಿನ ಮೃದ್ವಸ್ಥಿ ಇನ್ನೊಂದು ಮಗ್ಗುಲಿನದಕ್ಕಿಂತ ದಪ್ಪವಾಗಿದೆಯೇ, ಸುತ್ತ ರಕ್ತಸಂಚಾರ ಹೆಚ್ಚಿದೆಯೇ ಎಂದು ನೋಡಬಹುದು. ವಿಕಿರಣದ ಭಯವಿಲ್ಲದ್ದರಿಂದ ಮತ್ತೆ ಮತ್ತೆ ನೋಡಬಹುದು. ಊದಿದ ಮೃದ್ವಸ್ಥಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟು, ಅದು ತೆಳುವಾದುದನ್ನು ಹೀಗೆ ಅಳೆದ ವರದಿ 1997ರಲ್ಲೇ ಪ್ರಕಟವಾಗಿದೆ. ಎಲ್ಲರಿಗೂ ಚುಚ್ಚುಮದ್ದು ಬೇಕಿಲ್ಲ. ಹೆಚ್ಚಿನವರಿಗೆ ವಿಶ್ರಾಂತಿ, ನೋವಿನ ಮಾತ್ರೆ ಸಾಕು. ಬಾವಿಲ್ಲದ ಬರಿಯ ನೋವಿನಲ್ಲಿ ಪರದೆ ಏನನ್ನೂ ತೋರಿಸದಿರಬಹುದು. ಆಗ ವೈದ್ಯನ ಬೆರಳೇ ಪ್ರಮಾಣ.

ಈ ಧ್ವನಿಗೂ ನಮ್ಮ ನಾಡಿಗೂ ನಂಟುಂಟು. ಶ್ರವಣಾತೀತ ತರಂಗಗಳು ಬೆಳಕನ್ನು ಹೇಗೆ ವಿವರ್ತಿಸುತ್ತವೆಂಬುದರ ಸಿದ್ಧಾಂತವನ್ನು ಸಿ. ವಿ. ರಾಮನ್ ಮತ್ತು ನಾಗೇಂದ್ರನಾಥರು 1935-36ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದರು. ಆಸ್ಪತ್ರೆಯ ಯಂತ್ರ ಅದರಿಂದ ಹುಟ್ಟಿದ್ದಲ್ಲ. ಆದರೂ ನೆನೆಯಲು ಹೆಮ್ಮೆ.

ಗಂಡಸರಿಗೆ ಮಾತ್ರ ಇನ್ನೂ ಸಂಕೋಚ. "ಸ್ಕ್ಯಾನಿಂಗ್ ಬಸುರಿಯರಿಗಲ್ಲವೇ ಸ್ವಾಮಿ?" ಎನ್ನುತ್ತಾರೆ. ಅದು ಕಳೆದ ಮೇಲೆ ಅವರ ಪ್ರಶ್ನೆ ಒಂದೇ: "ಮತ್ತೆ ಮೂಟೆ ಹೊರುವುದು ಯಾವಾಗ?" ದಿನಗೂಲಿಯವನಿಗೆ ಮಲಗಿದ ದಿನ ಒಲೆ ಉರಿಯದು. ಬೆರಳೊತ್ತಿದರೆ ನೋವಿಲ್ಲ, ಪರದೆಯ ಮೇಲಿನ ಅಳತೆಯೂ ಇಳಿದಿದೆ ಎಂದಾದಾಗ, ಮೊದಲು ಅರೆಮೂಟೆ ಹೊರಪ್ಪ, ಎನ್ನುತ್ತೇನೆ.