ಕಂಡೂ ಕಾಣದವರು

(ಛತ್ರಪತಿ ಸಂಭಾಜಿನಗರದ ಕನ್ನಡ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತರೂಪ)



ರಾಜ್ಯೋತ್ಸವದ ವೇದಿಕೆಯಲ್ಲಿ ಅಪರಾಧದ ಕಥೆಯೇಕೆ ಎಂದು ತಾವು ಕೇಳಬಹುದು. 2023ರಲ್ಲಿ ಸೋನಿ ಲಿವ್‌ನಲ್ಲಿ ಬಂದ ‘ಸ್ಕ್ಯಾಮ್ 2003: ದಿ ತೆಲಗಿ ಸ್ಟೋರಿ’ ಎಂಬ ಹಿಂದಿ ಧಾರಾವಾಹಿ ನಮ್ಮ ತವರಿಗೂ ನಾವು ನೆಲೆಸಿದ ಈ ನಾಡಿಗೂ ಸಂಬಂಧಿಸಿದ್ದು. ನಕಲಿ ಛಾಪಾ ಕಾಗದದ ಜಾಲ ಹೆಣೆದ ಅಬ್ದುಲ್ ಕರೀಂ ತೆಲಗಿ ಬೆಳಗಾವಿ ಜಿಲ್ಲೆಯ ಖಾನಾಪುರದವನು. ಅಸಲಿ ಛಾಪಾ ಕಾಗದ ಅಚ್ಚಾಗುತ್ತಿದ್ದುದು ನಾನು ವಾಸಿಸುವ ನಾಸಿಕದ ಭದ್ರತಾ ಮುದ್ರಣಾಲಯದಲ್ಲಿ. ಗಡಿ ತಕರಾರಿನಲ್ಲಿ ಖಾನಾಪುರ ತಮ್ಮದೆಂದು ವಾದಿಸುತ್ತಿದ್ದ ನನ್ನ ಮರಾಠಿ ಮಿತ್ರರು, ಈ ಸುದ್ದಿ ಬಂದ ದಿನ ಮಾತ್ರ ಅದನ್ನು ಉದಾರವಾಗಿ ನಮಗೇ ಬಿಟ್ಟುಕೊಟ್ಟರು!

ಗಗನ್ ದೇವ್ ರಿಯಾರ್ ಅವರ ಅಭಿನಯ ಮೆಚ್ಚುವಂಥದು. ಆದರೆ ನೋಡುತ್ತ ನೋಡುತ್ತ ನಮಗೆ ಅಪರಾಧಿಯ ಚಾತುರ್ಯದ ಮೇಲೆಯೇ ಮೋಹ ಹುಟ್ಟುತ್ತದೆ. ಒಬ್ಬನ ಚಾತುರ್ಯದಿಂದಲೇ ಇಷ್ಟೆಲ್ಲ ಸಾಧ್ಯವಾಯಿತೆ? 1994ರಲ್ಲಿ ಮಾರಾಟದ ಪರವಾನಗಿ ಪಡೆದವನನ್ನು ಕರ್ನಾಟಕ ಪೊಲೀಸರು ಅಜ್ಮೀರಿನಲ್ಲಿ ಬಂಧಿಸಿದ್ದು 2001ರ ನವೆಂಬರಿನಲ್ಲಿ. ಆ ಮೇಲೂ ಅವನು ಬೆಂಗಳೂರಿನ ಸೆರೆಮನೆಯಿಂದಲೇ ದೂರವಾಣಿಯಲ್ಲಿ ವ್ಯವಹಾರ ನಡೆಸಿದ. ತನಿಖಾ ತಂಡದವರು ಅದನ್ನು ಗುಟ್ಟಾಗಿ ಧ್ವನಿಮುದ್ರಿಸಬೇಕಾಯಿತು. 2003ರ ಜನವರಿಯಲ್ಲಿ, ಮುಂಬಯಿ ಪೊಲೀಸರ ವಶದಲ್ಲಿದ್ದ ಅವನು ಲಾಕಪ್ಪಿನಲ್ಲಿರದೆ ತನ್ನ ಸ್ವಂತ ಫ್ಲ್ಯಾಟಿನಲ್ಲಿ ಇದ್ದುದನ್ನು ಸುಬೋಧ ಜೈಸ್ವಾಲರ ತಂಡ ಪತ್ತೆ ಹಚ್ಚಿತು. ಕಾವಲುಗಾರರ ಮೇಲೆಯೇ ಕಾವಲು ಇಡಬೇಕಾದ ದುರ್ಗತಿ ಇದು.

ಹಾಗೆಂದು ಬಂಧಿತರೆಲ್ಲ ತಪ್ಪಿತಸ್ಥರೆನ್ನಲಾಗದು. 2003ರ ಡಿಸೆಂಬರಿನಲ್ಲಿ, ನಿವೃತ್ತಿಯಾದ ಬೆನ್ನಲ್ಲೇ ಬಂಧಿತರಾದ ಮುಂಬಯಿಯ ಪೊಲೀಸ್ ಕಮಿಷನರರನ್ನು ನ್ಯಾಯಾಲಯ ಮುಂದೆ ಆರೋಪಮುಕ್ತಗೊಳಿಸಿತು. 2007ರಲ್ಲಿ ಪುಣೆಯ ನ್ಯಾಯಾಲಯ ತೆಲಗಿಗೆ 13 ವರ್ಷಗಳ ಶಿಕ್ಷೆಯನ್ನೂ 202 ಕೋಟಿ ರೂಪಾಯಿ ದಂಡವನ್ನೂ ವಿಧಿಸಿತು. ಅವನು ತೀರಿಕೊಂಡದ್ದು 2017ರಲ್ಲಿ. ಮರುವರ್ಷ ನಾಸಿಕದ ನ್ಯಾಯಾಲಯ ಅಲ್ಲಿನ ಒಂದು ಮೊಕದ್ದಮೆಯಲ್ಲಿ ಸಾಕ್ಷ್ಯವಿಲ್ಲವೆಂದು ಅವನನ್ನೂ ಸಹ ಆರೋಪಿಗಳನ್ನೂ ಬಿಡುಗಡೆ ಮಾಡಿತು. ಧಾರಾವಾಹಿಗೆ ಕೊನೆಯ ಕಂತು ಬೇಕು. ನ್ಯಾಯಕ್ಕೆ ಸಾಕ್ಷ್ಯ ಬೇಕು. ಕಂಡವರು ಕಂಡದ್ದನ್ನು ಹೇಳದಿದ್ದರೆ ಸಾಕ್ಷ್ಯ ಎಲ್ಲಿಂದ ಬಂದೀತು?

ಈ ಪ್ರಶ್ನೆ ನನಗೂ ಅನ್ವಯಿಸುತ್ತದೆ. 1999ರಲ್ಲಿ ನಾಸಿಕದಲ್ಲಿ ಒಂದು ಸಣ್ಣ ಮನೆ ಕೊಂಡೆ. ಛಾಪಾ ಕಾಗದದ ಅಭಾವವಿದೆಯೆಂದು ದಲ್ಲಾಳಿಯೇ ಅದನ್ನು ತಂದುಕೊಟ್ಟ. ಮುಖಬೆಲೆಗಿಂತ ಕೆಲವು ನೂರು ರೂಪಾಯಿ ಕಡಿಮೆಗೆ! ಸರ್ಕಾರದ ಕಾಗದ ಅಗ್ಗಕ್ಕೆ ಸಿಗುವುದು ಹೇಗೆಂಬ ಸಂಶಯ, ಸರ್ಕಾರದ ಅನ್ನ ಉಣ್ಣುವ ನನಗೆ ಬರಲಿಲ್ಲವೆಂದರೆ ಸುಳ್ಳಾದೀತು. ಬಂತು, ಕೇಳಲಿಲ್ಲ. ಹಗರಣ ಬಯಲಾದ ಮೇಲೆ ಒಂದು ರಾತ್ರಿ ಟ್ರಂಕಿನಿಂದ ಆ ಪತ್ರ ತೆಗೆದು ದೀಪಕ್ಕೆ ಹಿಡಿದು ನೋಡಿದೆ. ನನ್ನ ಹೆಂಡತಿ, “ಆಗ ನೋಡದವರು ಈಗೇನು ನೋಡುತ್ತೀರಿ?” ಎಂದಳು. ಉತ್ತರ ಹೇಳಲಾಗಲಿಲ್ಲ. ಆ ಕಾಗದ ಅಸಲಿಯೇ ಇದ್ದಿರಬಹುದು. ನನ್ನ ಮೌನವನ್ನು ಅದು ಮನ್ನಿಸಲಾರದು.

ಅಣ್ಣಾ ಹಜಾರೆಯವರು ಈ ವಿಷಯದಲ್ಲಿ ಮುಂಬಯಿ ಹೈಕೋರ್ಟಿನ ಮೆಟ್ಟಿಲೇರಿದರು. ಎಲ್ಲರಿಗೂ ಅಷ್ಟು ದೂರದ ನಡಿಗೆ ಸಾಧ್ಯವಾಗದು. ಪರನಾಡಿನಲ್ಲಿರುವ ನಮಗಂತೂ “ನಮಗೇಕೆ ಊರ ಉಸಾಬರಿ” ಎಂಬ ನೆಪ ಸದಾ ಸಿದ್ಧವಾಗಿರುತ್ತದೆ. ಆದರೆ ಅನ್ನ ಕೊಟ್ಟ ನಾಡಿನ ಬೊಕ್ಕಸವೂ ನಮ್ಮದೇ. ಧಾರಾವಾಹಿಯನ್ನು ಅವಶ್ಯವಾಗಿ ನೋಡಿ. ಆದರೆ ಅದರಲ್ಲಿ ತೆಲಗಿಯನ್ನಷ್ಟೇ ಅಲ್ಲ, ಬಾಗಿಲಲ್ಲಿ ನಿಂತು ಮುಖ ತಿರುಗಿಸಿಕೊಂಡವರನ್ನೂ ನೋಡಿ. ಅವರಲ್ಲಿ ನನ್ನನ್ನು ನಾನು ಗುರುತಿಸಿಕೊಂಡೆ. ಅದನ್ನು ತಮ್ಮೆದುರು ಒಪ್ಪಿಕೊಳ್ಳಲೆಂದೇ ಈ ವಿಷಯ ಆರಿಸಿಕೊಂಡೆ.