ಮಳೆಗಾಲದಲ್ಲಿ ಗಿಟಾರ್ ಪಾಲಿಷ್ ಬೆಳ್ಳಗಾದ್ರೆ ಏನು ಮಾಡೋದು?

ಇವತ್ತಿನ ಎಪಿಸೋಡ್ ಕೈಯಾರೆ ಗಿಟಾರ್ ಮಾಡೋರಿಗೆ, ಮಾಡಬೇಕು ಅಂತಿರೋರಿಗೆ. ಗಿಟಾರ್ ಇಲ್ಲದಿದ್ರೂ ಕೇಳಿ, ಮನೇಲಿ ಹಳೇ ಮರದ ಸಾಮಾನು ಇದ್ರೆ ಉಪಯೋಗಕ್ಕೆ ಬರುತ್ತೆ.

ಶೃಂಗೇರಿ ಸೀಮೆಯ ಬೇಗಾರಿನಲ್ಲಿ ನಮ್ಮ ದೊಡ್ಡಪ್ಪನ ಮಗ ಒಂದು ಗಿಟಾರ್ ಮಾಡಿದಾನೆ. ಹಿಂಬದಿ ಮತ್ತು ಪಕ್ಕದ ಹಲಗೆ ಅಜ್ಜಿಯ ಬೀಟೆ ಮಂಚದ್ದು. ಆರಿದ್ರಾ ಮಳೆ ಹಿಡಿದ ವಾರದಲ್ಲಿ ಶೆಲ್ಯಾಕ್ ಹಚ್ಚಿದ. ಸ್ವಲ್ಪ ಹೊತ್ತಿಗೆ ಮೇಲೆಲ್ಲ ಮಜ್ಜಿಗೆ ನೀರು ಬಳಿದ ಹಾಗೆ ಬಿಳಿ ಮಬ್ಬು. "ಎಲ್ಲಾ ಉಜ್ಜಿ ತೆಗೆದು ಮೊದಲಿಂದ ಮಾಡ್ತೀನಿ ಕಣೋ" ಅಂತ ಫೋನ್ ಮಾಡಿದ. "ತಡಿ ಅಣ್ಣ, ಪೇಪರ್ ಕೆಳಗಿಡು" ಅಂದೆ.

ಯಾಕೆ ಅಂದ್ರೆ, ಗಿಟಾರಿನ ಹಿಂಬದಿ ಹಲಗೆ ಸುಮಾರು ಎರಡೂವರೆ ಮಿಲಿಮೀಟರ್ ದಪ್ಪ ಇರುತ್ತೆ, ಅಷ್ಟೇ. ಪ್ರತಿ ಸಲ ಸ್ಯಾಂಡ್ ಪೇಪರ್ ಹಾಕಿದಾಗ ಪಾಲಿಷ್ ಜೊತೆ ಮರವೂ ಹೋಗುತ್ತೆ. ಆ ಮಂಚದಂಥ ಇನ್ನೊಂದು ಹಲಗೆ ಎಲ್ಲಿ ಸಿಗುತ್ತೆ? ಬೀಟೆ ಕಡಿಯೋಕೆ ಅರಣ್ಯ ಇಲಾಖೆ ಅನುಮತಿ ಬೇಕು. ನಮ್ಮ ಪಶ್ಚಿಮ ಘಟ್ಟದ ಈ ಬೀಟೆಗೆ ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿ 1969ರ ಹೊತ್ತಿಗೇ ಬದಲಾಯಿಸಿಕೊಂಡಿತ್ತು, ಬ್ರೆಜಿಲ್ ಮರ ಸಿಗೋದು ಕಷ್ಟ ಆದಾಗ. 2017ರಿಂದ ಬೀಟೆಯ ಇಡೀ ಕುಲವೇ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ.

ಶೆಲ್ಯಾಕ್ ಅಂದ್ರೆ ನಮ್ಮ ಅರಗು. ಮರದ ಕೊಂಬೆ ಮೇಲೆ ಸಣ್ಣ ಕೀಟ ಬಿಡೋ ಅಂಟು. ಅದನ್ನ ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿ ಸುತ್ತಿದ ಬಟ್ಟೆ ಉಂಡೆಯಿಂದ ತೆಳ್ಳಗೆ ಉಜ್ಜುತ್ತಾ ಹೋಗೋದೇ ಫ್ರೆಂಚ್ ಪಾಲಿಷ್. ಇದರ ದೊಡ್ಡ ಗುಣ: ಹೊಸ ಪದರ ಹಳೇ ಪದರವನ್ನ ಸ್ವಲ್ಪ ಕರಗಿಸಿ ಅದರಲ್ಲೇ ಬೆರೆಯುತ್ತೆ. ಅಂದ್ರೆ ಹಾಳಾದ್ದನ್ನ ಕಿತ್ತು ಹಾಕದೇ ಸರಿ ಮಾಡಬಹುದು.

ಈಗ ಒಂದೊಂದೇ ತೊಂದರೆ ನೋಡೋಣ.

ಮೊದಲನೇದು, ಬಿಳಿ ಮಬ್ಬು. ಸ್ಪಿರಿಟ್ ಬೇಗ ಆರುವಾಗ ಮರದ ಮೇಲ್ಮೈ ತಣ್ಣಗಾಗುತ್ತೆ. ಗಾಳಿಯಲ್ಲಿರೋ ತೇವ ಅಲ್ಲಿ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತೆ. ಇದು ಕೈಕೆಲಸದ ದೋಷ ಅಲ್ಲ, ಹವೆಯದ್ದು. ಪುಷ್ಯ ಮಳೆಯಲ್ಲಿ ಬೀರುವಿನ ಬಟ್ಟೆಗೇ ಬೂಷ್ಟು ಹಿಡಿಯೋ ಊರಿದು! ಒಣ ಹವೆಯ ದೇಶದಲ್ಲಿ ಮಾಡಿದ ಯೂಟ್ಯೂಬ್ ವಿಡಿಯೋ ಇದನ್ನ ಹೇಳೋದಿಲ್ಲ. ಪರಿಹಾರ: ಹೊಳವಾದ ದಿನಕ್ಕೆ ಕಾಯಿರಿ. ಉಂಡೆಗೆ ಸ್ವಲ್ಪವೇ ಸ್ಪಿರಿಟ್ ಹಾಕಿ, ಹೆಚ್ಚುಕಮ್ಮಿ ಒಣಗಿದಂತಿರುವಾಗ, ಒತ್ತದೇ ಬೇಗ ಬೇಗ ಸವರಿ. ಪದರ ಸಡಿಲವಾಗಿ ತೇವ ಹೊರಗೆ ಹೋಗುತ್ತೆ. ಒಂದು ಸಣ್ಣ ತೇವಾಂಶ ಮಾಪಕ ಇಟ್ಟುಕೊಳ್ಳಿ. ಶೇ 65 ದಾಟಿದ್ರೆ ಆ ದಿನ ಪಾಲಿಷ್ ಬೇಡ.

ಎರಡನೇದು, ಅಂಟು ಅಂಟು, ಗಟ್ಟಿಯೇ ಆಗಲ್ಲ. ಕರಗಿಸಿಟ್ಟ ಶೆಲ್ಯಾಕ್ ತಿಂಗಳುಗಟ್ಟಲೆ ಇದ್ರೆ ಕೆಡುತ್ತೆ. ಗಾಜಿನ ಮೇಲೆ ಒಂದು ಹನಿ ಹಾಕಿ. ಮಾರನೇ ದಿನವೂ ಉಗುರು ಇಳಿದ್ರೆ ಆ ಬಾಟಲಿ ಬೇಡ. ಚಕ್ಕೆ ತಂದು 100 ಎಂಎಲ್ ಸ್ಪಿರಿಟ್‌ಗೆ 12ರಿಂದ 24 ಗ್ರಾಂ ಹಾಕಿ, ಬೇಕಾದಷ್ಟೇ ಕಲಸಿ. ಬಾಟಲಿ ಮೇಲೆ ತಾರೀಕು ಬರೀರಿ. ಮುಚ್ಚಳ ಬಿಗಿಯಾಗಿರಲಿ, ಸ್ಪಿರಿಟ್ ತೇವ ಎಳೆಯುತ್ತೆ.

ಮೂರನೇದು, ಬೀಟೆ ಬಣ್ಣ ಬಿಡೋದು. ಆ ಕೆನ್ನೇರಳೆ ಬಣ್ಣ ಸ್ಪಿರಿಟ್‌ನಲ್ಲಿ ಕರಗಿ, ಗಿಟಾರಿನ ಮುಂಭಾಗದ ಬಿಳಿ ಮರಕ್ಕೆ ಮೆತ್ತಿಕೊಳ್ಳುತ್ತೆ. ಮುಂಭಾಗಕ್ಕೆ ಮೊದಲೇ ತೆಳು ಶೆಲ್ಯಾಕ್ ಹಚ್ಚಿ ಒಣಗಿಸಿ. ಬೀಟೆಗೇ ಬೇರೆ ಉಂಡೆ ಇಡಿ.

ಇನ್ನೊಂದು ಮಾತು, ಇದು ಮಲೆನಾಡಿನವರಿಗೆ. ಮಳೆಗಾಲದಲ್ಲಿ ಏನೇ ಒದ್ದೆಯಾದ್ರೂ ಬಚ್ಚಲ ಒಲೆ ಹತ್ರ ಇಡೋದು ನಮ್ಮ ಅಭ್ಯಾಸ. ಗಿಟಾರ್ ಇಡಬೇಡಿ. ಬಿಸಿಗೆ ಅಂಟು ಬಿಡುತ್ತೆ, ಹಲಗೆ ಸೀಳುತ್ತೆ. ಸ್ಪಿರಿಟ್ ಆವಿಗೆ ಬೆಂಕಿ ತಗುಲಿದ್ರಂತೂ ಮನೆಗೇ ಅಪಾಯ. ಪಾಲಿಷ್ ಸ್ಪಿರಿಟ್‌ನಲ್ಲಿ ವಿಷ ಬೆರೆತಿರುತ್ತೆ, ಕಿಟಕಿ ತೆಗೆದೇ ಕೆಲಸ ಮಾಡಿ, ಮಕ್ಕಳ ಕೈಗೆ ಸಿಗದ ಹಾಗಿಡಿ.

ಚನ್ನಪಟ್ಟಣದ ಗೊಂಬೆ ಕೆಲಸದವರದ್ದೂ ಇದೇ ಅರಗು, ಆದ್ರೆ ಅವರಿಗೆ ಸ್ಪಿರಿಟ್ ಬೇಡ. ತಿರುಗೋ ಆಲೆ ಮರಕ್ಕೆ ಅರಗಿನ ಕಡ್ಡಿ ಒತ್ತಿದ್ರೆ ಉಜ್ಜುವ ಶಾಖಕ್ಕೇ ಕರಗಿ ಹಿಡಿಯುತ್ತೆ. ಗಿಟಾರನ್ನ ಹಾಗೆ ತಿರುಗಿಸೋಕಾಗಲ್ಲ. ಅದಕ್ಕೇ ನಮಗೆ ಸ್ಪಿರಿಟ್ಟೂ ಬೇಕು, ತಾಳ್ಮೆನೂ ಬೇಕು.

ಅಣ್ಣ ಮೂರು ವಾರ ಕಾದ. ಬಿಸಿಲು ಬಿದ್ದ ಎರಡು ದಿನ ಸಿಕ್ಕಿತು, ಬಿಳುಪು ಹೋಯ್ತು. ಹಲಗೆ ಒಂದು ಕೂದಲೆಳೆಯಷ್ಟೂ ಸವೆದಿಲ್ಲ. ಉಳಿದ ಪದರಗಳು ದೀಪಾವಳಿ ಕಳೆದ ಮೇಲೆ ಅಂತ ತೀರ್ಮಾನ ಮಾಡಿದಾನೆ.

ನಿಮ್ಮ ಪಾಲಿಷ್ ಕೈಕೊಟ್ಟಿದ್ರೆ ಒಂದು ವಾಯ್ಸ್ ನೋಟ್ ಕಳಿಸಿ. ಊರು ಯಾವುದು, ಯಾವ ತಿಂಗಳು ಅನ್ನೋದನ್ನೂ ಹೇಳಿ. ಅರ್ಧ ಉತ್ತರ ಅದರಲ್ಲೇ ಇರುತ್ತೆ. ಮುಂದಿನ ವಾರ ಸಿಗೋಣ.